ಡಜನ್ ಅಂದ್ರ ಹನ್ನೆರಡು

ಇಂಗ್ಲಿಷಿನಿಂದ ನಮ್ಮ ಕನ್ನಡಕ್ಕೆ ಬಂದ ಅಳತೆಯ ಮಾತುಗಳು ಕಡಿಮೆಯೇನಲ್ಲ. ಪೌಂಡು, ಔನ್ಸು, ಗ್ಯಾಲನ್ನು, ಯಾರ್ಡು ಇವನ್ನೆಲ್ಲ ನನ್ನ ವಯಸ್ಸಿನವರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಕಿಲೋ, ಲೀಟರು, ಮೀಟರು ಬಂದ ಮೇಲೆ ಅವು ಒಂದೊಂದಾಗಿ ಅಂಗಡಿ ಬಿಟ್ಟು ಹೋದವು. ಆದರೆ ಸಂತೆಯಲ್ಲಿ ಚಾಪೆ ಹಾಸಿ ಕೂತ ಒಂದು ಮಾತು ಇನ್ನೂ ಎದ್ದಿಲ್ಲ. ಅದೇ ಡಜನ್. ಬಾಳೆಹಣ್ಣಿಗೆ ಡಜನ್, ಬಳೆಗೆ ಡಜನ್, ಲಿಂಬೆಹಣ್ಣಿಗೆ ಡಜನ್, ಮೊಟ್ಟೆಗೆ ಡಜನ್. ನಮ್ಮ ಧಾರವಾಡದ ಕಡೆ ಬೇಸಿಗೆಯಲ್ಲಿ ಆಪೂಸ್ ಮಾವಿನಹಣ್ಣಿಗೂ ಡಜನ್. ಓದು ಬಾರದವರ ಬಾಯಲ್ಲೂ ಅದು ‘ಡಜನ’ ಆಗಿ ಸಲೀಸಾಗಿ ಹೊರಳುತ್ತದೆ. ಹೊರಗಿನಿಂದ ಬಂದ ಮಾತು ಎಂಬ ನೆನಪೂ ಯಾರಿಗೂ ಇಲ್ಲ.

ನನಗೆ ಈಗ ಎಪ್ಪತ್ತನಾಲ್ಕು ವರ್ಷ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದವನು ಕ್ಲರ್ಕ್ ಆಗಿಯೇ ನಿವೃತ್ತನಾದೆ. ಜೀವನವೆಲ್ಲ ಅಂಕಿಗಳ ಜೊತೆ ಕಳೆದವನಿಗೆ ಅಂಕಿಯ ಮಾತುಗಳ ಮೇಲೆ ಒಂದು ಬಗೆಯ ಮೋಹ ಇರುತ್ತದೆ. ಐದನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಮೊನ್ನೆ ಇಂಗ್ಲಿಷ್ ಪಾಠ ಓದುತ್ತ, “ಅಜ್ಜಾ, ಡಜನ್ ಅಂದ್ರ ಭಾಳ ಅಂತ ಅರ್ಥ, ಹೌದಲ್ಲ?” ಎಂದು ಕೇಳಿದಳು. ಅವಳ ಪಾಠದಲ್ಲಿ ‘ಡಜನ್ಸ್ ಆಫ್ ಬರ್ಡ್ಸ್’ ಎಂದಿತ್ತು. ಅವಳು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವಳ ಮನೆಗೆ ಮೊಟ್ಟೆ ಬರುವುದು ಆರರ ಡಬ್ಬಿಯಲ್ಲಿ, ಇಲ್ಲವೇ ಮೂವತ್ತರ ಟ್ರೇಯಲ್ಲಿ. ಬಾಳೆಹಣ್ಣು ಬರುವುದು ಕಿಲೋ ಲೆಕ್ಕದಲ್ಲಿ. ಡಜನ್ ಎಂಬುದನ್ನು ಅವಳು ಕೈಯಲ್ಲಿ ಹಿಡಿದು ನೋಡಿಯೇ ಇಲ್ಲ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ, ಮಕ್ಕಳೇ. ಅಜ್ಜ-ಅಜ್ಜಿಯರು ಪಕ್ಕದಲ್ಲಿ ಕೂತು ಕೇಳಿದರೆ, ನಾನು ಬಿಟ್ಟದ್ದನ್ನು ಅವರು ಸೇರಿಸಿಯಾರು.

ಮೊದಲು ಮಾತಿನ ಹುಟ್ಟು. ಹಳೆಯ ರೋಮಿನವರ ಲ್ಯಾಟಿನ್ ಭಾಷೆಯಲ್ಲಿ ಹನ್ನೆರಡಕ್ಕೆ ‘ದುಓದೆಕಿಮ್’ ಎನ್ನುತ್ತಿದ್ದರು. ‘ದುಓ’ ಅಂದರೆ ಎರಡು, ‘ದೆಕೆಮ್’ ಅಂದರೆ ಹತ್ತು. ಅದು ಫ್ರೆಂಚರ ಬಾಯಲ್ಲಿ ‘ದೂಜ್’ ಆಯಿತು. ಹನ್ನೆರಡರ ಒಂದು ಗುಂಪಿಗೆ ಅವರು ‘ದೂಜೇನ್’ ಎಂದರು. ಅದನ್ನೇ ಇಂಗ್ಲಿಷರು ಎರವಲು ಪಡೆದು ‘ಡಜನ್’ ಎಂದರು. ಈಗ ನಮ್ಮ ಮಾತನ್ನು ನೋಡಿ. ಹನ್ನೆರಡು ಅನ್ನುವುದು ಹಳಗನ್ನಡದಲ್ಲಿ ‘ಪನ್ನೆರಡು’; ಪತ್ತು ಮತ್ತು ಎರಡು ಸೇರಿ ಆದದ್ದು. ಸಂಸ್ಕೃತದ ‘ದ್ವಾದಶ’ವೂ ಅಷ್ಟೇ, ಎರಡು ಮತ್ತು ಹತ್ತು. ಮೂರೂ ಭಾಷೆಯವರು ಹತ್ತು ಬೆರಳು ಎಣಿಸಿ ಮುಗಿಸಿ, ಮೇಲೆ ಎರಡು ಸೇರಿಸಿದರು. ಇಂಗ್ಲಿಷಿನ ‘ಟ್ವೆಲ್ವ್’ ಇನ್ನೂ ತಮಾಷೆಯದು. ಅದರ ಹಳೆಯ ಅರ್ಥ ‘ಎರಡು ಉಳಿದವು’ ಎಂದು. ಹತ್ತು ಎಣಿಸಿದ ಮೇಲೆ ಎರಡು ಉಳಿದರೆ ಟ್ವೆಲ್ವ್, ಒಂದು ಉಳಿದರೆ ಇಲೆವೆನ್.

ಹತ್ತು ಬೆರಳಿರುವ ಮನುಷ್ಯ ಹತ್ತಕ್ಕೇ ನಿಲ್ಲದೆ ಹನ್ನೆರಡಕ್ಕೆ ಬೇರೊಂದು ಹೆಸರು ಕೊಟ್ಟು ಸಂತೆಗೆ ಕಳಿಸಿದ್ದು ಯಾಕೆ? ಇದಕ್ಕೆ ಉತ್ತರ ಮನೆಯಲ್ಲೇ ಇದೆ. ಹತ್ತು ಮಾವಿನಹಣ್ಣನ್ನು ಇಬ್ಬರಿಗೆ ಹಂಚಬಹುದು, ಐವರಿಗೆ ಹಂಚಬಹುದು. ಮೂವರಿದ್ದರೆ ಒಂದು ಹಣ್ಣು ಉಳಿದು ಜಗಳ ಹುಟ್ಟುತ್ತದೆ. ನಾಲ್ವರಿದ್ದರೆ ಚಾಕು ಹುಡುಕಬೇಕು. ಹನ್ನೆರಡು ಹಣ್ಣಾದರೆ ಇಬ್ಬರಿಗೆ ಆರಾರು, ಮೂವರಿಗೆ ನಾಲ್ಕು ನಾಲ್ಕು, ನಾಲ್ವರಿಗೆ ಮೂರು ಮೂರು, ಆರು ಜನರಿಗೆ ಎರಡೆರಡು. ಅರ್ಧ ಡಜನ್ ಕೇಳಿ, ಕಾಲು ಡಜನ್ ಕೇಳಿ, ಅಂಗಡಿಯವನು ಯಾವ ಹಣ್ಣನ್ನೂ ಕತ್ತರಿಸಬೇಕಾಗಿಲ್ಲ. ಹನ್ನೆರಡು ಹಂಚಿಕೊಳ್ಳುವುದಕ್ಕೆ ಹೇಳಿಮಾಡಿಸಿದ ಸಂಖ್ಯೆ. ವರ್ಷಕ್ಕೆ ಹನ್ನೆರಡು ತಿಂಗಳು, ಹನ್ನೆರಡು ರಾಶಿ, ಗಡಿಯಾರದ ಮುಖದ ಮೇಲೆ ಹನ್ನೆರಡು ಗಂಟೆ, ಒಂದು ಅಡಿಗೆ ಹನ್ನೆರಡು ಇಂಚು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೂ ಹನ್ನೆರಡು ವರ್ಷಕ್ಕೊಮ್ಮೆ. 2006ರಲ್ಲಿ ಆಯಿತು, ಆಮೇಲೆ 2018ರಲ್ಲಿ ಆಯಿತು.

ಡಜನ್ನನ್ನು ನನಗೆ ಕಲಿಸಿದ್ದು ಶಾಲೆಯಲ್ಲ, ನಮ್ಮವ್ವ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಾರ್ಕೆಟ್ಟಿನಲ್ಲಿ ಲಿಂಬೆಹಣ್ಣು ಮಾರಿ ನಮ್ಮನ್ನು ಬೆಳೆಸಿದಳು. ಬೇಸಿಗೆಯಲ್ಲಿ ಮಾವು, ಮಳೆಗಾಲ ಮುಗಿದ ಮೇಲೆ ಪೇರಲ, ಉಳಿದಂತೆ ವರ್ಷವೆಲ್ಲ ಲಿಂಬೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಎಣಿಸಲು ಅವಳ ಬಲಗೈಯೇ ಪಾಟಿ. ಹೆಬ್ಬೆರಳು ಬಿಟ್ಟರೆ ಕೈಯಲ್ಲಿ ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು. ಕಿರುಬೆರಳಿನ ಬುಡದಿಂದ ಹೆಬ್ಬೆರಳನ್ನು ಒಂದೊಂದೇ ಗೆಣ್ಣಿನ ಮೇಲೆ ಇಡುತ್ತ ಹೋದರೆ ತೋರುಬೆರಳಿನ ತುದಿಗೆ ಬರುವ ಹೊತ್ತಿಗೆ ಸರಿಯಾಗಿ ಹನ್ನೆರಡು. ಆಗ ಎಡಗೈಯ ಒಂದು ಬೆರಳು ಮಡಚುವುದು. ಎಡಗೈಯ ಐದೂ ಬೆರಳು ಮಡಚಿದರೆ ಐದು ಡಜನ್, ಅಂದರೆ ಅರವತ್ತು. ಪ್ರಾಚೀನ ಬ್ಯಾಬಿಲೋನಿನ ಜನ ಅರವತ್ತನ್ನು ಆಧಾರ ಮಾಡಿಕೊಂಡೇ ಲೆಕ್ಕ ಮಾಡುತ್ತಿದ್ದರು, ಗಂಟೆಗೆ ಅರವತ್ತು ನಿಮಿಷ ಎಂಬುದು ಆ ಲೆಕ್ಕದ ಉಳಿಕೆ ಎಂದು ಮುಂದೆ ಪುಸ್ತಕದಲ್ಲಿ ಓದಿದೆ. ಇಂಥ ಗೆಣ್ಣಿನ ಎಣಿಕೆಯೇ ಅದಕ್ಕೆ ಮೂಲ ಇರಬಹುದೆಂದು ಬಲ್ಲವರು ಊಹಿಸುತ್ತಾರೆ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬ್ಯಾಬಿಲೋನ್ ಅಲ್ಲ, ಲಿಂಬೆಹಣ್ಣಿನ ಬುಟ್ಟಿಯ ಮುಂದೆ ಕೂತ ಅವ್ವ.

ಅವಳು ಗಟ್ಟಿಯಾಗಿ ಎಣಿಸುವಾಗ ‘ಒಂದು’ ಎನ್ನುತ್ತಿರಲಿಲ್ಲ. “ಲಾಭ, ಎರಡ, ಮೂರ…” ಎಂದೇ ಶುರು. ಹಳೆಯ ವ್ಯಾಪಾರಸ್ಥರೆಲ್ಲ ಹಾಗೆಯೇ. ಮೊದಲನೆಯದು ಲಾಭವೆಂದು ಬಾಯಿಂದ ಬಂದರೆ ಒಳ್ಳೆಯದು ಎಂಬ ನಂಬಿಕೆ. ಆದರೆ ಲಾಭ ನಿಜವಾಗಿ ಎಲ್ಲಿರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಗಟಿನವರು ಹಣ್ಣು ಕೊಡುತ್ತಿದ್ದದ್ದು ನೂರರ ಲೆಕ್ಕದಲ್ಲಿ, ಅವಳು ಮಾರುತ್ತಿದ್ದದ್ದು ಡಜನ್ ಲೆಕ್ಕದಲ್ಲಿ. ಹನ್ನೆರಡೆಂಟ್ಲೆ ತೊಂಬತ್ತಾರು. ನೂರಕ್ಕೆ ಎಂಟು ಡಜನ್ ಆಗಿ ನಾಲ್ಕು ಹಣ್ಣು ಉಳಿಯುತ್ತವೆ.

ಆ ನಾಲ್ಕು ಹಣ್ಣಿನ ಬೆಲೆ ಎಷ್ಟೆಂದು ನೋಡಿ. ಲೆಕ್ಕ ಸುಲಭವಾಗಲಿ ಎಂದು ನೂರು ಹಣ್ಣಿಗೆ ಒಂದು ರೂಪಾಯಿ ಎಂದು ಇಟ್ಟುಕೊಳ್ಳೋಣ. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಹದಿನಾರು ಆಣೆ. ಡಜನ್ನಿಗೆ ಎರಡಾಣೆಯಂತೆ ಮಾರಿದರೆ ಎಂಟು ಡಜನ್ನಿಗೆ ಹದಿನಾರಾಣೆ. ಹಾಕಿದ ರೂಪಾಯಿ ಕೈಗೆ ಬಂತು. ದಿನವಿಡೀ ಬಿಸಿಲಲ್ಲಿ ಕೂತದ್ದಕ್ಕೆ ಉಳಿದದ್ದು ನಾಲ್ಕು ಲಿಂಬೆಹಣ್ಣು! ಮೂರಾಣೆಯಂತೆ ಮಾರಿದರೆ ಎಂಟಾಣೆ ಲಾಭ, ಮೇಲೆ ಆ ನಾಲ್ಕು ಹಣ್ಣು. ಒಂದು ಕೊಳೆತಿದ್ದರೆ, ಒಂದು ಕಾಲಿಗೆ ಸಿಕ್ಕಿ ಒಡೆದರೆ, ಅದೂ ಆ ನಾಲ್ಕರಲ್ಲೇ ಹೋಗಬೇಕು. ಗಿರಾಕಿಗೆ ಕೊಡುವ ಕೊಸರೂ ಆ ನಾಲ್ಕರಲ್ಲೇ.

ಕೊಸರು ಎಂದರೆ ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ಅಳೆದು ಇಲ್ಲವೇ ಎಣಿಸಿ ಕೊಟ್ಟ ಮೇಲೆ ವ್ಯಾಪಾರಿ ತನ್ನ ಕೈಯಿಂದ ಮೇಲಕ್ಕೆ ಹಾಕುವ ಚೂರು. ಸೇರು ಅಕ್ಕಿ ಅಳೆದ ಮೇಲೆ ಒಂದು ಹಿಡಿ, ಮೊಳ ಹೂವು ಕೊಟ್ಟ ಮೇಲೆ ನಾಲ್ಕು ಬೆರಳು. ನೂರು ಹಣ್ಣಿನಲ್ಲಿ ಅವ್ವನಿಗೆ ಇದ್ದದ್ದು ಹೆಚ್ಚೆಂದರೆ ನಾಲ್ಕೇ ಕೊಸರು. ಅದನ್ನು ಯಾರಿಗೆ ಕೊಡಬೇಕು ಎಂಬುದನ್ನು ಅವಳು ಯೋಚಿಸಿಯೇ ಕೊಡುತ್ತಿದ್ದಳು. ಕಂಕುಳಲ್ಲಿ ಕೂಸು ಇದ್ದವರಿಗೆ, ಬಡಿಗೆ ಊರಿ ಬಂದ ಮುದುಕರಿಗೆ, ಚೌಕಾಸಿ ಮಾಡದೆ ರೊಕ್ಕ ಕೊಟ್ಟವರಿಗೆ.

ಇಂಗ್ಲೆಂಡಿನಲ್ಲೂ ಇಂಥದ್ದೊಂದು ಕೊಸರು ಇತ್ತು. ‘ಬೇಕರ್ಸ್ ಡಜನ್’ ಎಂಬ ಮಾತನ್ನು ನೀವು ಕೇಳಿರಬಹುದು. ರೊಟ್ಟಿ ಸುಡುವವನ ಡಜನ್ ಎಂದರೆ ಹದಿಮೂರು. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ರೊಟ್ಟಿಯ ತೂಕ ಮತ್ತು ಬೆಲೆಯ ಬಗ್ಗೆ ಕಟ್ಟುನಿಟ್ಟಿನ ಕಾಯ್ದೆ ಬಂತು. ತೂಕ ಕಡಿಮೆ ಬಿದ್ದರೆ ದಂಡ. ಮರದ ಚೌಕಟ್ಟಿನಲ್ಲಿ ಕೊರಳು ಕೈ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸುವ ಶಿಕ್ಷೆಯೂ ಇತ್ತು. ಕೈಯಲ್ಲಿ ತಟ್ಟಿದ ರೊಟ್ಟಿ ಒಂದು ಹೆಚ್ಚು ಒಂದು ಕಡಿಮೆ ಆಗುವುದು ಸಹಜ. ಅದಕ್ಕೆ ಹೆದರಿ ಅವರು ಡಜನ್ನಿಗೆ ಒಂದು ಹೆಚ್ಚಿಗೆ ಇಟ್ಟುಬಿಡುತ್ತಿದ್ದರಂತೆ. ಇನ್ನೊಂದು ವಿವರಣೆಯೂ ಇದೆ. ಬೀದಿಯಲ್ಲಿ ಹೊತ್ತು ಮಾರುವವರಿಗೆ ಹನ್ನೆರಡರ ಬೆಲೆಗೆ ಹದಿಮೂರು ಕೊಡುತ್ತಿದ್ದರು, ಆ ಹದಿಮೂರನೆಯದೇ ಮಾರುವವರ ಲಾಭ ಎಂದು. ನಮ್ಮವ್ವನ ನಾಲ್ಕು ಲಿಂಬೆಹಣ್ಣು ಕಂಡವನಿಗೆ ಈ ಎರಡನೆಯ ವಿವರಣೆ ಬೇಗ ಅರ್ಥವಾಗುತ್ತದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ನಡೆದ ಒಂದು ಸಂಗತಿ ಹೇಳಬೇಕು. ಊರಿನ ಅನುಕೂಲಸ್ಥರ ಮನೆಯೊಂದರಲ್ಲಿ ಮದುವೆ. ಹತ್ತು ಡಜನ್ ಲಿಂಬೆಹಣ್ಣು ಬೇಕೆಂದು ಅವ್ವನಿಗೆ ಹೇಳಿ ಕಳಿಸಿದರು. ಅವಳು ಹಿಂದಿನ ರಾತ್ರಿಯೇ ಚಿಮಣಿ ಬೆಳಕಲ್ಲಿ ಎಣಿಸಿ, ಮೆತ್ತಗಿದ್ದದ್ದನ್ನು ತೆಗೆದು ಗಟ್ಟಿ ಹಣ್ಣು ಹಾಕಿ ಬುಟ್ಟಿ ತುಂಬಿದಳು. ಬೆಳಿಗ್ಗೆ ಇಬ್ಬರೂ ಹೊತ್ತುಕೊಂಡು ಹೋದೆವು. ಅಡುಗೆಯ ಉಸ್ತುವಾರಿ ನೋಡುತ್ತಿದ್ದವರೊಬ್ಬರು ಬುಟ್ಟಿಯೊಳಗೆ ಬಗ್ಗಿ ನೋಡಿ, “ಏನವಾ, ಇದು ಹತ್ತ ಡಜನ್ ಆಗೂದಿಲ್ಲ. ಎಂಟ ಇರಬೇಕು. ಎಂಟಕ್ಕ ರೊಕ್ಕ ತಗೊಂಡ ಹೋಗು” ಎಂದರು.

ಎರಡು ಡಜನ್ನಿನ ಹಣ ಬಿಟ್ಟರೆ ಆ ದಿನದ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದಂತೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮದುವೆಮನೆಯಲ್ಲಿ ಊರ ಮಂದಿಯೆಲ್ಲ ನೆರೆದಿದ್ದರು. ‘ಇವಳ ಡಜನ್ ಕಡಿಮೆ’ ಎಂಬ ಒಂದು ಮಾತು ಅಲ್ಲಿಂದ ಹೊರಬಿದ್ದರೆ ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯ ಮುಂದೆ ಮತ್ತೆ ಯಾರು ನಿಲ್ಲುತ್ತಾರೆ? ನನಗೆ ಅಳು ಬಂದಿತ್ತು. ಅವ್ವ ವಾದ ಮಾಡಲಿಲ್ಲ. “ಒಂದ ಗೋಣಿತಟ್ಟ ಹಾಸಿಸ್ರೀ ಯಪ್ಪಾ, ಎಲ್ಲಾರ ಮುಂದ ಎಣಸತೀನಿ” ಎಂದಳು.

ಅಂಗಳದಲ್ಲಿ ಗೋಣಿತಟ್ಟು ಹಾಸಿದರು. ಅವ್ವ “ಲಾಭ, ಎರಡ, ಮೂರ…” ಎನ್ನುತ್ತ ಹನ್ನೆರಡು ಹಣ್ಣಿನ ಒಂದು ಸಾಲು ಮಾಡಿದಳು. ಅದರ ಕೆಳಗೆ, ಹಣ್ಣಿಗೆ ಹಣ್ಣು ತಾಗುವಂತೆ ಇನ್ನೊಂದು ಸಾಲು. ಆಮೇಲೆ ಮತ್ತೊಂದು. ಮದುವೆಗೆ ಬಂದ ಹುಡುಗರೆಲ್ಲ ಸುತ್ತ ಕೂತು ಅವಳ ಜೊತೆ ಎಣಿಸತೊಡಗಿದರು. ಮೂರನೆಯ ಸಾಲಿನ ಮೇಲೆ ಎಣಿಸುವ ಅಗತ್ಯವೇ ಬೀಳಲಿಲ್ಲ. ಒಂದು ಸಾಲು ಎಣಿಸಿದರೆ ಸಾಕು, ಉಳಿದ ಸಾಲು ಅದರ ಸಮಕ್ಕೆ ನಿಂತಿದೆಯೋ ಇಲ್ಲವೋ ಎಂಬುದನ್ನು ಕಣ್ಣೇ ಹೇಳುತ್ತದೆ. ಹತ್ತು ಸಾಲು ಆಯಿತು. ಬುಟ್ಟಿ ಖಾಲಿಯಾಯಿತು. ಉಸ್ತುವಾರಿಯವರು ಮಾತಾಡದೆ ಹತ್ತು ಡಜನ್ನಿನ ಹಣ ಎಣಿಸಿ ಕೊಟ್ಟರು. ಅವ್ವ ಹಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಉಡಿಯಿಂದ ಒಂದು ಲಿಂಬೆಹಣ್ಣು ತೆಗೆದು ಸಾಲಿನ ಕೊನೆಗೆ ಇಟ್ಟು, “ಇದು ಕೊಸರ್ರೀ” ಎಂದಳು.

ದಾರಿಯಲ್ಲಿ ನಾನು ಸಿಟ್ಟಿನಿಂದ, “ಅವರಿಗ್ಯಾಕ ಕೊಸರ ಕೊಟ್ಟೆವ್ವಾ?” ಎಂದು ಕೇಳಿದೆ. ಅವ್ವ, “ಲೆಕ್ಕ ತೀರಿತಲ್ಲೋ ತಮ್ಮಾ. ಹನ್ನೆರಡು ಅವರ ಹಕ್ಕು. ಕೊಸರು ನನ್ನ ಖುಷಿ” ಎಂದಳು.

ಈ ಮಾತನ್ನು ನಾನು ಬಹಳ ವರ್ಷ ಮೆಲುಕು ಹಾಕಿದ್ದೇನೆ. ಹನ್ನೆರಡು ಸರಿಯಾಗಿ ಇದ್ದರೆ ಮಾತ್ರ ಹದಿಮೂರನೆಯದು ಕೊಸರು. ಹನ್ನೆರಡು ಎಂದು ಹೇಳಿ ಹನ್ನೊಂದನ್ನೋ ಹನ್ನೆರಡನ್ನೋ ಅಂದಾಜಿಗೆ ಹಾಕಿದರೆ, ಮೇಲೆ ಒಂದು ಕೊಟ್ಟಾಗ ಅದು ಉದಾರತನವೋ ಸಾಲ ತೀರಿಸಿದ್ದೋ ಕೊಟ್ಟವನಿಗೂ ತಿಳಿಯದು, ತೆಗೆದುಕೊಂಡವನಿಗೂ ತಿಳಿಯದು. ಡಜನ್ ಎಂಬ ಮಾತಿನ ಗಟ್ಟಿತನ ಇರುವುದೇ ಇಲ್ಲಿ. ಅದು ಇಬ್ಬರ ನಡುವಿನ ಒಪ್ಪಂದ.

ಹಾಗಾದರೆ ಮೊಮ್ಮಗಳ ಪಾಠದ ‘ಡಜನ್ಸ್ ಆಫ್ ಬರ್ಡ್ಸ್’ ತಪ್ಪೇ? ತಪ್ಪಲ್ಲ. ಇಂಗ್ಲಿಷಿನಲ್ಲಿ ಈ ಮಾತಿಗೆ ಎರಡು ನಡೆ ಇವೆ. ಮುಂದೆ ಒಂದು ಸಂಖ್ಯೆ ಇದ್ದರೆ ಅದು ಸಂತೆಯ ಡಜನ್, ಖಚಿತವಾಗಿ ಹನ್ನೆರಡು. ‘ಎ ಡಜನ್ ಎಗ್ಸ್’, ‘ಟು ಡಜನ್ ಎಗ್ಸ್’. ಇಲ್ಲಿ ಕೊನೆಗೆ ‘ಸ್’ ಸೇರಿಸಿ ‘ಟು ಡಜನ್ಸ್ ಎಗ್ಸ್’ ಎನ್ನಬಾರದು, ನಡುವೆ ‘ಆಫ್’ ಕೂಡ ಬೇಡ. ‘ಟು ಹಂಡ್ರೆಡ್ ರುಪೀಸ್’ ಎನ್ನುತ್ತೇವಲ್ಲ, ಹಾಗೆಯೇ ಇದು. ನಾವೂ ‘ಎರಡು ಡಜನ್ ಬಾಳೆಹಣ್ಣು’ ಎನ್ನುತ್ತೇವೆಯೇ ಹೊರತು ‘ಎರಡು ಡಜನ್‌ಗಳು’ ಎನ್ನುವುದಿಲ್ಲ. ಆದರೆ ಎದುರಿನ ಸಂಖ್ಯೆ ತೆಗೆದು, ‘ಸ್’ ಮತ್ತು ‘ಆಫ್’ ಸೇರಿಸಿದ ಕೂಡಲೇ ಅದು ಕತೆಯ ಡಜನ್ ಆಗುತ್ತದೆ. ‘ಡಜನ್ಸ್ ಆಫ್ ಬರ್ಡ್ಸ್’ ಎಂದರೆ ಹತ್ತಾರು ಹಕ್ಕಿಗಳು. ಇಷ್ಟೇ ಎಂದು ಯಾರೂ ಎಣಿಸಿಲ್ಲ, ಎಣಿಸಬೇಕಾಗಿಯೂ ಇಲ್ಲ. ಕನ್ನಡದಲ್ಲೂ ‘ಡಜನ್‌ಗಟ್ಟಲೆ’ ಎಂದಾಗ, ‘ಹತ್ತಾರು’, ‘ನೂರಾರು’ ಎಂದಾಗ ಇದೇ ಆಗುತ್ತದೆ. ಹತ್ತಾರು ಎಂದರೆ ಹತ್ತೂ ಅಲ್ಲ, ಆರೂ ಅಲ್ಲ, ಹದಿನಾರೂ ಅಲ್ಲ!

ನಮ್ಮ ಮನೆಯಲ್ಲಿ, “ಡಜನ್ ಸಲ ಹೇಳೀನಿ, ಚಪ್ಪಲಿ ಒಳಗ ತರಬ್ಯಾಡ್ರಿ ಅಂತ” ಎಂದು ನನ್ನ ಹೆಂಡತಿ ಗದರುತ್ತಾಳೆ. ಎಷ್ಟು ಸಲ ಎಂದು ಎಣಿಸಿದರೆ ನಾಲ್ಕೋ ಐದೋ ಆದೀತು. ಅಲ್ಲಿ ನಾನು ಗೋಣಿತಟ್ಟು ಹಾಸಿ ಲೆಕ್ಕ ಕೇಳುವುದಿಲ್ಲ. ಮಾತಿಗೆ ಕತೆಯ ಡಜನ್ ಇರಲಿ. ಆದರೆ ಹಣ ಕೈ ಬದಲಾಗುವಲ್ಲಿ, ಮಾತು ಕೊಡುವಲ್ಲಿ ಸಂತೆಯ ಡಜನ್ನೇ ಆಗಬೇಕು. ಯಾವುದು ಎಲ್ಲಿ ಎಂಬ ವ್ಯತ್ಯಾಸ ತಿಳಿದವನಿಗೆ ಭಾಷೆಯೂ ಬಂದಂತೆ, ವ್ಯವಹಾರವೂ ಬಂದಂತೆ.

ಇಂಗ್ಲಿಷರು ಈ ಮಾತಿನಿಂದ ಕಟ್ಟಿದ ನುಡಿಗಟ್ಟುಗಳೂ ಸೊಗಸಾಗಿವೆ. ಎಡೆಬಿಡದೆ ಪಟಪಟ ಮಾತಾಡುವವರನ್ನು ‘ನೈನ್‌ಟೀನ್ ಟು ದ ಡಜನ್’ ಮಾತಾಡುತ್ತಾರೆ ಎನ್ನುತ್ತಾರೆ. ಬೇರೆಯವರು ಹನ್ನೆರಡು ಮಾತಾಡುವ ಹೊತ್ತಿಗೆ ಇವರದು ಹತ್ತೊಂಬತ್ತು! ಎರಡು ದಾರಿಯಲ್ಲಿ ಯಾವುದು ಹಿಡಿದರೂ ಅಷ್ಟೇ ಎನ್ನಲು ‘ಸಿಕ್ಸ್ ಆಫ್ ವನ್ ಅಂಡ್ ಹಾಫ್ ಎ ಡಜನ್ ಆಫ್ ದಿ ಅದರ್’ ಎನ್ನುತ್ತಾರೆ. ಒಂದು ಕಡೆ ಆರು, ಇನ್ನೊಂದು ಕಡೆ ಅರ್ಧ ಡಜನ್, ತೂಗಿದರೆ ಎರಡೂ ಒಂದೇ. ಅಮೆರಿಕದವರು ಬೆಲೆಯಿಲ್ಲದಷ್ಟು ಸುಲಭವಾಗಿ ಸಿಗುವುದಕ್ಕೆ ‘ಎ ಡೈಮ್ ಎ ಡಜನ್’ ಎನ್ನುತ್ತಾರೆ. ಡೈಮ್ ಅಂದರೆ ಅವರ ಹತ್ತು ಸೆಂಟಿನ ನಾಣ್ಯ, ಅದಕ್ಕೆ ಹನ್ನೆರಡು ಬರುತ್ತವೆ ಎಂದು. ಇದಕ್ಕೆ ನಮ್ಮಲ್ಲಿ ಇನ್ನೂ ಚಂದದ ಮಾತಿದೆ: ಕಾಸಿಗೊಂದು ಕೊಸರಿಗೊಂದು. ಅಲ್ಲೂ ನೋಡಿ, ಕೊಸರು ತನ್ನ ಜಾಗ ಬಿಟ್ಟಿಲ್ಲ.

ಡಜನ್ನಿಗೆ ಒಬ್ಬ ಅಣ್ಣನೂ ಇದ್ದಾನೆ. ಹನ್ನೆರಡು ಡಜನ್ ಸೇರಿದರೆ ಒಂದು ಗ್ರೋಸ್, ಅಂದರೆ 144. ಫ್ರೆಂಚಿನ ‘ದೊಡ್ಡ ಡಜನ್’ ಎಂಬ ಮಾತಿನಿಂದ ಬಂದದ್ದು. ಹನ್ನೆರಡು ಗ್ರೋಸ್ ಸೇರಿದರೆ ಗ್ರೇಟ್ ಗ್ರೋಸ್, 1,728. ಗುಂಡಿ, ಪಿನ್ನು, ಪೆನ್ಸಿಲ್ ಮೊದಲಾದ ಸಣ್ಣ ಸಾಮಾನುಗಳನ್ನು ಸಗಟಿನಲ್ಲಿ ಗ್ರೋಸ್ ಲೆಕ್ಕದಲ್ಲಿ ಮಾರುತ್ತಿದ್ದರು. ನಮ್ಮ ಶಾಖೆಗೆ ಒಮ್ಮೆ ಲೇಖನ ಸಾಮಗ್ರಿ ಬಂತು. ಚೀಟಿಯಲ್ಲಿ ‘ಪೆನ್ಸಿಲ್, 1 ಗ್ರೋಸ್’ ಎಂದಿತ್ತು. ಹೊಸದಾಗಿ ಸೇರಿದ ಹುಡುಗ, ಸಂಬಳದ ಚೀಟಿಯಲ್ಲಿ ಗ್ರೋಸ್ ಎಂದರೆ ಒಟ್ಟು ಎಂದು ತಿಳಿದವನು, ದಾಸ್ತಾನು ಪುಸ್ತಕದಲ್ಲಿ ‘ಒಟ್ಟು ಪೆನ್ಸಿಲ್ 1’ ಎಂದು ಬರೆದ. ಮೇಜಿನ ಮೇಲೆ ಪೆನ್ಸಿಲ್ಲಿನ ಹನ್ನೆರಡು ಪೆಟ್ಟಿಗೆ ಗೋಪುರದಂತೆ ನಿಂತಿದ್ದವು. ಎಲ್ಲರೂ ನಕ್ಕೆವು, ಅವನೂ ನಕ್ಕ. ಒಂದೇ ಮಾತು ಒಂದು ಪುಸ್ತಕದಲ್ಲಿ ಒಟ್ಟು, ಇನ್ನೊಂದರಲ್ಲಿ ನೂರಾ ನಲವತ್ತನಾಲ್ಕು. ಪಾಪ, ಅವನೇನು ಮಾಡಿಯಾನು!

ಅಜ್ಜ-ಅಜ್ಜಿಯರಿಗೆ ನೆನಪಿರುವ ಇನ್ನೊಂದು ಜಾಣ ಲೆಕ್ಕವನ್ನು ಮಕ್ಕಳಿಗೆ ಹೇಳಲೇಬೇಕು. 1957ರ ಏಪ್ರಿಲ್ 1ಕ್ಕೆ ಮುಂಚೆ ಒಂದು ಆಣೆಗೆ ಹನ್ನೆರಡು ಪೈ. ಹಾಗಾಗಿ ಡಜನ್ನಿಗೆ ಎಷ್ಟು ಆಣೆಯೋ ಒಂದಕ್ಕೆ ಅಷ್ಟು ಪೈ. ಡಜನ್ನಿಗೆ ಮೂರಾಣೆ ಎಂದರೆ ಒಂದಕ್ಕೆ ಮೂರು ಪೈ. ಭಾಗಾಕಾರವೇ ಬೇಡ. ಇಂಗ್ಲೆಂಡಿನಲ್ಲೂ ಶಿಲಿಂಗಿಗೆ ಹನ್ನೆರಡು ಪೆನ್ಸ್ ಇದ್ದದ್ದರಿಂದ ಅಲ್ಲೂ ಇದೇ ಉಪಾಯ ನಡೆಯುತ್ತಿತ್ತು. ನಾನು ಬಿ.ಕಾಂ. ಓದುತ್ತಿದ್ದ ಕಾಲದಲ್ಲಿ, 1971ರ ಫೆಬ್ರವರಿ 15ರಂದು, ಅವರೂ ಪೌಂಡಿಗೆ ನೂರು ಪೆನ್ಸ್ ಮಾಡಿಕೊಂಡರು. ನಮ್ಮಲ್ಲಿ ರೂಪಾಯಿಗೆ ನೂರು ನಯಾ ಪೈಸೆ ಬಂದಾಗ ಮೂರಾಣೆಗೆ ಹದಿನೆಂಟೂ ಮುಕ್ಕಾಲು ಪೈಸೆ ಆಯಿತು. ಮುಕ್ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಹತ್ತೊಂಬತ್ತು ಎಂದು ಹಿಡಿಯಬೇಕಾಯಿತು. ನೂರರ ಲೆಕ್ಕ ಕಾಗದದ ಮೇಲೆ ಸುಲಭ, ನಿಜ. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನೂರು ನೋಟಿನ ಕಟ್ಟು ಕಟ್ಟಿದವನು ಅದನ್ನು ಅಲ್ಲಗಳೆಯಲಾರೆ. ಆದರೂ ಅವ್ವ ಕಡೆಯವರೆಗೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆಯಲ್ಲೇ ಮಾತಾಡಿದಳು. ಇಪ್ಪತ್ತೈದು ಪೈಸೆಯ ನಾಣ್ಯಕ್ಕೆ ನಾವೆಲ್ಲ ನಾಲ್ಕಾಣೆ ಎಂದೇ ಅಲ್ಲವೇ ಕರೆದದ್ದು?

ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ ನಾನು ಅವ್ವನ ಗೋಣಿತಟ್ಟನ್ನು ಮರೆಯಲಿಲ್ಲ. ಪಿಂಚಣಿ ತೆಗೆದುಕೊಳ್ಳಲು ಬರುವ ಮುದುಕಿಯರಿಗೆ ನೋಟುಗಳನ್ನು ಕೈಯಲ್ಲಿಟ್ಟು ಕಳಿಸುತ್ತಿರಲಿಲ್ಲ. ಅವರ ಕಣ್ಣೆದುರು ಒಂದೊಂದಾಗಿ ಕೌಂಟರಿನ ಮೇಲೆ ಹರಡಿ ಎಣಿಸುತ್ತಿದ್ದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. “ಇನ್ನೊಮ್ಮೆ ಎಣಸಪಾ” ಎಂದು ಒಬ್ಬ ಅಜ್ಜಿ ಪ್ರತಿ ತಿಂಗಳೂ ಹೇಳುತ್ತಿದ್ದಳು. ಪ್ರತಿ ತಿಂಗಳೂ ಎರಡು ಸಲ ಎಣಿಸುತ್ತಿದ್ದೆ. ಅವಳಿಗೆ ನನ್ನ ಮೇಲೆ ಅಪನಂಬಿಕೆ ಇತ್ತೆಂದು ನಾನು ತಿಳಿಯಲಿಲ್ಲ. ತನ್ನ ಹಕ್ಕು ಎಷ್ಟೆಂದು ತನ್ನ ಕಣ್ಣಿಂದಲೇ ನೋಡುವ ಆಸೆ ಅದು. ಎಣಿಸಿ ಮುಗಿಸಿದ ಮೇಲೆ ಆ ನೋಟುಗಳನ್ನು ಅವಳ ಚೀಲದಲ್ಲಿಟ್ಟು ಬಾಯಿಕಟ್ಟು ಬಿಗಿದು ಕೊಡುತ್ತಿದ್ದೆ. ಅದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಈಗ ಹಣ್ಣು ತೂಕಕ್ಕೆ ಹೋಗಿದೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಡಜನ್ ಲೆಕ್ಕದಲ್ಲಿ ಮೊದಲು ಬಂದವರು ದೊಡ್ಡ ಹಣ್ಣು ಆರಿಸಿಕೊಂಡರೆ ಕೊನೆಗೆ ಬಂದವರಿಗೆ ಅದೇ ಬೆಲೆಗೆ ಸಣ್ಣದು ಸಿಗುತ್ತಿತ್ತು. ತಕ್ಕಡಿ ಆ ತಾರತಮ್ಯ ತೆಗೆಯಿತು. ಮೊಟ್ಟೆಯ ಸಗಟು ದರ ಇಂದಿಗೂ ನೂರಕ್ಕೆ ಇಷ್ಟು ಎಂದೇ ಪ್ರಕಟವಾಗುತ್ತದೆ. ಅಂಗಡಿಯಲ್ಲಿ ಡಜನ್ ಕೇಳಿದರೆ ಈಗಲೂ ಹನ್ನೆರಡೇ ಕೊಡುತ್ತಾರೆ. ಆದರೆ ತೂಕದ ಯಂತ್ರ ಗ್ರಾಮಿನವರೆಗೆ ಬೆಲೆ ಅಚ್ಚು ಹಾಕಿ ಚೀಟಿ ಅಂಟಿಸುತ್ತದೆ. ಆ ಚೀಟಿಯಲ್ಲಿ ಹಕ್ಕಿಗೆ ಜಾಗವಿದೆ, ಖುಷಿಗೆ ಜಾಗವಿಲ್ಲ. ಕೊಸರು ಕೊಡಬೇಕೆಂದರೆ ಅದಕ್ಕೆ ಮನುಷ್ಯರ ಕೈಯೇ ಬೇಕು.

ಆದ್ದರಿಂದ ಮಕ್ಕಳೇ, ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಸಂತೆಗೆ ಹೋಗಿ. ಒಂದು ಡಜನ್ ಲಿಂಬೆಹಣ್ಣು ಕೇಳಿ. ಕಿರುಬೆರಳಿನ ಬುಡದಿಂದ ಹೆಬ್ಬೆರಳು ಇಡುತ್ತ ನೀವೂ ಎಣಿಸಿ. ಕೊಸರನ್ನು ಕೇಳಿ ಪಡೆಯಬೇಡಿ. ಅವರಾಗಿ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಮನೆಗೆ ಬಂದು ಶರಬತ್ತು ಕುಡಿಯುವ ಮುಂಚೆ ಈ ಲೆಕ್ಕ ಬಿಡಿಸಿ. ಒಬ್ಬಾಕೆ ಒಂದು ಗ್ರೋಸ್ ಲಿಂಬೆಹಣ್ಣು ತಂದಳು. ಕೊಂಡ ಪ್ರತಿಯೊಬ್ಬರಿಗೂ ಒಂದು ಡಜನ್ ಎಣಿಸಿ, ಮೇಲೊಂದು ಕೊಸರು ಹಾಕಿದಳು. ಎಷ್ಟು ಜನರಿಗೆ ಕೊಟ್ಟಳು? ಕೊನೆಗೆ ಬುಟ್ಟಿಯಲ್ಲಿ ಎಷ್ಟು ಉಳಿಯಿತು? ಕೊಸರು ಕೊಡದೆ ಮಾರಿದ್ದರೆ ಇನ್ನು ಎಷ್ಟು ಜನರ ದುಡ್ಡು ಬರುತ್ತಿತ್ತು? ಉತ್ತರವನ್ನು ಅಜ್ಜಿಗೆ ಹೇಳಿ. ಆಮೇಲೆ ಆಕೆ ಕೊಸರು ಕೊಟ್ಟದ್ದು ಸರಿಯೋ ತಪ್ಪೋ ಎಂದು ಮನೆಮಂದಿಯೆಲ್ಲ ಕೂತು ಮಾತಾಡಿ.